ತೆಳ್ಳಗಾಗುವ ಗುಳಿಗೆಗೆ ರೊಕ್ಕ ಕೊಟ್ಟವರು

ಗೋಕುಲ ರಸ್ತೆಯ ಆ ಔಷಧಿ ಅಂಗಡಿಯ ಮಾಲೀಕರಿಗೆ ಬೇಕಾಗಿದ್ದುದು ನನ್ನ ಫಾರ್ಮಸಿ ಪ್ರಮಾಣಪತ್ರ ಮಾತ್ರ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು, ತಿಂಗಳಿಗಿಷ್ಟು ಎಂದು ಅದರ ಬಾಡಿಗೆ ಕೊಡುವುದು, ನನ್ನನ್ನು ಮನೆಯಲ್ಲಿ ಕೂರಿಸುವುದು ಅವರ ಏರ್ಪಾಟು. ಹಾಗೆ ನಡೆಯುವ ಅಂಗಡಿಗಳು ಆಗ ಇದ್ದವು. ಗೋಡೆಯ ಮೇಲೆ ಒಬ್ಬರ ಹೆಸರು, ಹಣದ ಗಲ್ಲೆಯ ಮುಂದೆ ಇನ್ನೊಬ್ಬರ ಹೊಟ್ಟೆ. ನನ್ನ ಹೆಸರು ಇರುವಲ್ಲಿ ನಾನೂ ಇರುತ್ತೇನೆ ಎಂದೆ. ಮಾಲೀಕರು ಒಪ್ಪಿದರು, ಕರೆಯದೆ ಬಂದ ಬೀಗರಿಗೆ ಚಹಾ ಕೊಡುವವರ ಮುಖ ಮಾಡಿಕೊಂಡು.

ಅಂಗಡಿಯ ಮೇಲಿನ ಮಹಡಿ ಬಹಳ ಕಾಲ ಖಾಲಿ ಇತ್ತು. ಎರಡು ಸಾವಿರನೆಯ ಇಸವಿ ದಾಟಿದ ಮೇಲೆ ಅಲ್ಲಿಗೆ ಒಬ್ಬ ತೂಕದ ಡಾಕ್ಟರು ಬಂದರು. ಮೊದಲು ಬೇರೆ ಊರಿನಲ್ಲಿ ಕೂದಲು ಉದುರುವುದಕ್ಕೆ ಚಿಕಿತ್ಸೆ ಕೊಡುತ್ತಿದ್ದರಂತೆ. ಅಲ್ಲಿಯವರ ತಲೆಗಳ ಗತಿ ಏನಾಯಿತೋ ತಿಳಿಯದು. ಹೊರಗೆ ದೊಡ್ಡ ಬೋರ್ಡು ಹಾಕಿಸಿದರು. ಎಡಕ್ಕೆ ಅಳುಮೋರೆಯ ದಪ್ಪ ಹೆಂಗಸು, ಬಲಕ್ಕೆ ನಗುವ ತೆಳ್ಳನೆಯ ಹೆಂಗಸು. ಇಬ್ಬರೂ ಒಬ್ಬಳೇ ಎಂದು ನಾವು ನಂಬಬೇಕಾಗಿತ್ತು, ಮೂಗು ಮಾತ್ರ ಬೇರೆಬೇರೆ. ಒಳಗೆ ಒಂದು ತೂಕದ ಯಂತ್ರ. ಅದರ ಮೇಲೆ ನಿಂತರೆ ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಹೊತ್ತಿಕೊಳ್ಳುತ್ತಿದ್ದವು, ಕಾಯುತ್ತ ಕುಳಿತವರಿಗೆಲ್ಲ ಕಾಣುವ ಹಾಗೆ. ನಾಚಿಕೆಯೂ ಚಿಕಿತ್ಸೆಯ ಒಂದು ಭಾಗ ಎಂದು ಡಾಕ್ಟರು ಹೇಳಿಕೊಳ್ಳುತ್ತಿದ್ದರು. ರಕ್ತದೊತ್ತಡ ನೋಡುವ ಉಪಕರಣವೂ ಇತ್ತು, ಗಾಜಿನ ಕಪಾಟಿನೊಳಗೆ, ಬೀಗ ಹಾಕಿಕೊಂಡು.

ನ್ಯಾಯವಾಗಿ ಹೇಳಬೇಕೆಂದರೆ, ಅವರು ಬರೆಯುತ್ತಿದ್ದ ಗುಳಿಗೆ ಬೂದಿಯಲ್ಲ, ನಿಜವಾದ ಔಷಧಿ. ಹಸಿವನ್ನು ತಗ್ಗಿಸುವ ಕ್ಯಾಪ್ಸೂಲು. ಕ್ಯಾಪ್ಸೂಲು ಜೋಡಿಸಿದ ಪಟ್ಟಿಯ ಮೇಲೆ ಕೆಂಪು ಗೆರೆ, ವೈದ್ಯರ ಚೀಟಿ ಇಲ್ಲದೆ ಕೊಡಬಾರದು ಎಂಬ ಎಚ್ಚರಿಕೆ. ಒಳಗಿನ ತೆಳು ಕಾಗದದಲ್ಲಿ ಇನ್ನೂ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು: ಬೊಜ್ಜಿನಿಂದ ನಿಜಕ್ಕೂ ಕಾಯಿಲೆ ಬೀಳುವವರಿಗೆ ಮಾತ್ರ, ಹೃದಯದ ತೊಂದರೆ ಇದ್ದವರಿಗೆ ಬೇಡ, ರಕ್ತದೊತ್ತಡವನ್ನು ಮೇಲಿಂದ ಮೇಲೆ ನೋಡುತ್ತಿರಬೇಕು. ಆ ಕಾಗದವನ್ನು ಓದಿದವರು ನಮ್ಮ ಕಟ್ಟಡದಲ್ಲಿ ಇಬ್ಬರು. ನಾನು ಓದಿ ಚಿಂತೆ ಮಾಡಿದೆ. ಡಾಕ್ಟರು ಓದಿ ಮಡಚಿಟ್ಟರು. ಅವರಿಗೆ ತಿಳಿಯದ ಸಂಗತಿ ಅದರಲ್ಲಿ ಏನೂ ಇರಲಿಲ್ಲ, ಅದೇ ಹೆಚ್ಚು ಹೇಸಿಕೆ ತರುವ ಮಾತು.

ಒಂದು ಪಟ್ಟಿಯಲ್ಲಿ ಹತ್ತು ಕ್ಯಾಪ್ಸೂಲು. ಆ ಹತ್ತಕ್ಕೆ ಕೊಡುವ ಹಣದಲ್ಲಿ ಒಂದು ಸಾಧಾರಣ ಮನೆಗೆ ತಿಂಗಳ ಜೋಳ ಬರುತ್ತಿತ್ತು. ಡಾಕ್ಟರು ಬರೆಯುತ್ತಿದ್ದ ಕಂಪನಿಯ ಮಾಲು ಊರಿನಲ್ಲಿ ನಮ್ಮ ಅಂಗಡಿ ಬಿಟ್ಟರೆ ಬೇರೆಲ್ಲೂ ಸಿಗದ ಹಾಗೆ ಮಾಲೀಕರು ಏಜೆಂಟನ ಜೊತೆ ಮಾತಾಡಿಕೊಂಡಿದ್ದರು. ಮೇಲಿನ ಮಹಡಿಯ ಬಾಡಿಗೆ ಕೆಳಗಿನ ಮಾರಾಟದಲ್ಲಿ ವಜಾ ಆಗುತ್ತಿತ್ತು. ಇಷ್ಟು ಸುಸೂತ್ರವಾದ ಸಂಸಾರವನ್ನು ನಾನು ಗಂಡ ಹೆಂಡಿರಲ್ಲೂ ಕಂಡಿಲ್ಲ.

ಇನ್ನು ವಿಮೆ. ನಮ್ಮ ಕಡೆ ವಿಮೆ ಎಂದರೆ ಆಗ ಸತ್ತ ಮೇಲೆ ಹೆಂಡತಿಗೆ ಬರುವ ಹಣ. ಬದುಕಿದ್ದಾಗ ಔಷಧಿಗೆ ಯಾರೋ ಬೇರೆಯವರು ಹಣ ಕೊಡುತ್ತಾರೆ ಎಂದರೆ ಜನ ನಗುತ್ತಿದ್ದರು. ಹಾಗೆ ಕೊಡುವ ಕಚೇರಿಗಳು ಇರಲಿಲ್ಲವೆಂದಲ್ಲ. ಬ್ಯಾಂಕಿನ ಗುಮಾಸ್ತರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಸಕ್ಕರೆ ಕಾಯಿಲೆ, ಎರಡೂ ಮೊಣಕಾಲು ನೋವು, ಮೆಟ್ಟಿಲು ಹತ್ತಿದರೆ ಏದುಸಿರು. ಆ ಗುಳಿಗೆ ಯಾರಿಗಾದರೂ ಬೇಕಾಗಿದ್ದರೆ ಅವರಿಗೇ ಬೇಕಾಗಿತ್ತು. ಕಚೇರಿಗೆ ಬಿಲ್ಲು ಕಳಿಸಿದರು. ಇದು ಸೌಂದರ್ಯವರ್ಧನೆಯ ಖರ್ಚು, ಮಂಜೂರು ಮಾಡಲಾಗದು ಎಂದು ಬರೆದು ಕಚೇರಿಯವರು ವಾಪಸ್ಸು ಕಳಿಸಿದರು. ಐವತ್ತು ದಾಟಿದ, ತಲೆ ಬೋಳಾದ ಆ ಮನುಷ್ಯ ಆ ಕಾಗದವನ್ನು ನನಗೆ ತೋರಿಸಿ, "ನೋಡ್ರಿ, ನಾ ಸೌಂದರ್ಯಕ್ಕ ಬಿದ್ದೇನಿ" ಎಂದರು. ಅವತ್ತಿನಿಂದ ಅವರು ಗುಳಿಗೆ ಬಿಟ್ಟರು. ಅದೇ ಕಚೇರಿ ಮೇಲಧಿಕಾರಿಯ ಬಂಗಾರದ ಬಣ್ಣದ ಚಷ್ಮಾಕ್ಕೆ ಹಣ ಕೊಟ್ಟಿತ್ತು ಎಂದೂ ಅವರೇ ಹೇಳಿದರು.

ಹೀಗಾಗಿ ಕೊಳ್ಳುವವರೆಲ್ಲ ತಮ್ಮ ಕಿಸೆಯಿಂದಲೇ ಕೊಳ್ಳುತ್ತಿದ್ದರು, ಮತ್ತು ಪೂರ್ತಿ ಪಟ್ಟಿ ಕೊಳ್ಳುವವರು ಕಡಿಮೆ. ನನ್ನ ಕತ್ತರಿಗೆ ಬಿಡುವೇ ಇರಲಿಲ್ಲ. ಪಟ್ಟಿಯನ್ನು ಕತ್ತರಿಸುವಾಗ ಅವಧಿ ಮುಗಿಯುವ ತಾರೀಕು ಅಚ್ಚಾದ ತುದಿಯನ್ನು ಅಂಗಡಿಯಲ್ಲೇ ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸಬೇಕು. ಕೆಲವರು ನಾಲ್ಕು ಒಯ್ದು ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದರು. ಇನ್ನು ಕೆಲವರು ಕ್ಯಾಪ್ಸೂಲು ಬಿಚ್ಚಿ, ಪುಡಿಯನ್ನು ಹಾಳೆಯ ಮೇಲೆ ಸುರಿದು, ಬೆರಳಿನಿಂದ ಎರಡು ಪಾಲು ಮಾಡಿ, ಅರ್ಧವನ್ನು ನೀರಿನಲ್ಲಿ ಕಲಸಿ ಕುಡಿಯುತ್ತಿದ್ದರು. ಹಾಗೆ ಮಾಡಬಾರದು, ಅಳತೆ ಸರಿಯಾಗಿ ಬರುವುದಿಲ್ಲ ಎಂದು ನಾನು ಹೇಳುವುದು, ಹೂಂ ಎಂದು ಅವರು ಮನೆಗೆ ಹೋಗಿ ಹಾಗೇ ಮಾಡುವುದು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದುದು ಹತ್ತಿ ದಲಾಲರೊಬ್ಬರ ಮನೆಯವರ ಮೇಲೆ. ಅವರು ಡ್ರೈವರನನ್ನು ಕಳಿಸಿ ಡಬ್ಬಿಗಟ್ಟಲೆ ತರಿಸಿ, ನುಂಗದೆ, ಬಂದ ನೆಂಟರಿಗೆ ತೋರಿಸುತ್ತಿದ್ದರಂತೆ.

ಇಂಥ ದಿನಗಳಲ್ಲಿ ಉಣಕಲ್ಲಿನ ಒಬ್ಬ ಹುಡುಗಿ ಬಂದಳು. ಹತ್ತಿರದ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆಗಳ ಅಕ್ಷರ ಜೋಡಿಸುವ ಕೆಲಸ. ಊರವರ ಮದುವೆಗಳನ್ನೆಲ್ಲ ತಪ್ಪಿಲ್ಲದೆ ಜೋಡಿಸುವವಳಿಗೆ ಈಗ ತನ್ನದೇ ಮದುವೆ ಗೊತ್ತಾಗಿತ್ತು. ತಂದೆ ಇಲ್ಲ. ಉಣಕಲ್ಲಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಕಾಕಾನೇ ತಂದೆಯ ಜಾಗದಲ್ಲಿದ್ದ. ವರ ಧಾರವಾಡದವನು, ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ. ಕನ್ಯಾ ನೋಡಿ ಹೋದ ಮೇಲೆ ವರನ ತಾಯಿ ಹೇಳಿ ಕಳಿಸಿದರಂತೆ: ಹುಡುಗಿ ಛಲೋ, ಮನೆತನ ಛಲೋ, ಮೈ ಮಾತ್ರ ಒಂದೀಟು ಹೆಚ್ಚು. ದೀಪಾವಳಿ ಮುಗಿದ ಮೇಲೆ ಲಗ್ನ, ಅಷ್ಟರೊಳಗೆ ಇಳಿಸಿಕೊಳ್ಳಲಿ. ಇಳಿಸುವ ಡಾಕ್ಟರನ್ನೂ ಅವರೇ ತೋರಿಸಿಕೊಟ್ಟರು.

ನಾನು ನೋಡಿದಂತೆ ಆ ಹುಡುಗಿ ಕಾಯಿಲೆ ಬೀಳುವಷ್ಟು ದಪ್ಪವೇನೂ ಇರಲಿಲ್ಲ. ಗಟ್ಟಿಮುಟ್ಟಾದ ಮೈ, ತುಂಬಿದ ಕೆನ್ನೆ, ನಡೆದರೆ ನೆಲ ಗಟ್ಟಿಯಾಗಿದೆ ಎಂಬ ಧೈರ್ಯ ಬರುವಂಥ ನಡಿಗೆ. ಅವಳು ಮೊದಲನೆಯ ಪಟ್ಟಿಯನ್ನು ಪೂರ್ತಿ ಕೊಂಡಳು, ತನ್ನ ಸಂಬಳದಿಂದ. ಕಾಕಾ ಮಂಗಲ ಕಾರ್ಯಾಲಯಕ್ಕೆ ಮುಂಗಡ ಕೊಟ್ಟಾಗಿದೆ, ಅವನ ಮೇಲೆ ಇದನ್ನೂ ಹೇರಲಾರೆ ಎಂದಳು.

ಹದಿನೈದು ದಿನಕ್ಕೊಮ್ಮೆ ತೂಕ ನೋಡುವುದು ಡಾಕ್ಟರ ಪದ್ಧತಿ. ಆ ದಿನ ಧಾರವಾಡದಿಂದ ವರನ ತಾಯಿಯೂ ಬರುತ್ತಿದ್ದರು. ಮಾರುಕಟ್ಟೆಯಲ್ಲಿ ಹತ್ತಿ ತುಂಬಿದ ಅಂಡಿಗೆಗಳನ್ನು ತೂಗುವಾಗ ದಲಾಲರು ಮುಳ್ಳಿನ ಮೇಲೆ ಕಣ್ಣಿಟ್ಟು ನಿಲ್ಲುತ್ತಾರಲ್ಲ, ಹಾಗೆ ನಿಂತು ಗೋಡೆಯ ಕೆಂಪು ಅಂಕಿ ನೋಡುತ್ತಿದ್ದರು. ನೋಡಿ, ಕೆಳಗೆ ನಮ್ಮ ಅಂಗಡಿಗೆ ಇಳಿದು, ನಮ್ಮ ಕುರ್ಚಿಯ ಮೇಲೆ ಕೂತು, ಹುಡುಗಿ ಹಣ ಎಣಿಸಿ ಕೊಡುವುದನ್ನೂ ನೋಡುತ್ತಿದ್ದರು. ಒಮ್ಮೆಯೂ ಅವರ ಕೈ ಅವರ ಬಟ್ವೆಯ ಕಡೆ ಹೋದದ್ದನ್ನು ನಾನು ಕಾಣಲಿಲ್ಲ. ಕುರ್ಚಿಯಲ್ಲಿ ಅವರು ಕೂತಾಗ ಅದು ಕಿರುಗುಟ್ಟುತ್ತಿತ್ತು. ಅವರದೂ ಸಣ್ಣ ಮೈಯೇನಲ್ಲ. ಆದರೆ ಅವರ ಮದುವೆ ಆಗಿಹೋಗಿತ್ತು.

ಮೊದಲ ತಿಂಗಳು ಅಂಕಿ ಇಳಿಯಿತು. ಎಲ್ಲರೂ ಸಂತೋಷಪಟ್ಟರು. ಎರಡನೆಯ ತಿಂಗಳು ಹುಡುಗಿ ಗಲ್ಲೆಯ ಮುಂದೆ ನೋಟು ಎಣಿಸುವಾಗ ಅವಳ ಬೆರಳು ನಡುಗುವುದನ್ನು ಕಂಡೆ. ತುಟಿ ಒಣಗಿ ಬಿಳಿಚಿತ್ತು. ಏನಾಗುತ್ತದೆ ಎಂದು ಕೇಳಿದೆ.

"ಏನಿಲ್ರಿ ಅಕ್ಕಾರ. ಎದಿ ಒಂದೀಟು ಬಡ್ಕೊಳ್ತೈತಿ. ಕಂಪ್ಯೂಟರ್ ಮುಂದ ಕುಂತ್ರ ಅಕ್ಷರ ಓಡ್ಯಾಡತಾವ."

ಮೇಲೆ ಬಿ.ಪಿ. ನೋಡಿದರೇ ಎಂದೆ. ಬಿ.ಪಿ. ಮುದುಕರಿಗಲ್ಲವೇ ನೋಡುವುದು ಎಂದಳು. ಅವಳನ್ನು ಕರೆದುಕೊಂಡು, ಊಟದ ಬಿಡುವಿನಲ್ಲಿ, ಸ್ವಲ್ಪ ದೂರದಲ್ಲಿದ್ದ ಸರಕಾರಿ ದವಾಖಾನೆಗೆ ಹೋದೆ. ಅಲ್ಲಿನ ಡಾಕ್ಟರು ನಿವೃತ್ತಿಗೆ ಹತ್ತಿರವಾದ ಹೆಂಗಸು. ಮಾತು ಕಡಿಮೆ. ತೋಳಿಗೆ ಪಟ್ಟಿ ಕಟ್ಟಿ, ಪಾದರಸ ಏರಿಸಿ ಇಳಿಸಿ, ಸ್ವಲ್ಪ ಹೊತ್ತು ಕೂರಿಸಿ, ಇನ್ನೊಂದು ತೋಳಿಗೂ ಕಟ್ಟಿ ನೋಡಿದರು. ನೂರಾಎಪ್ಪತ್ತು, ನೂರಾಹತ್ತು. ಇಪ್ಪತ್ತನಾಲ್ಕರ ಹುಡುಗಿಗೆ. ಗುಳಿಗೆ ಇವತ್ತೇ ಬಿಡು ಎಂದು ಚೀಟಿಯ ಮೇಲೆ ಬರೆದು, ಅಡಿಗೆರೆ ಎಳೆದು ಕೊಟ್ಟರು. ಅದಕ್ಕೆ ಅವರು ತೆಗೆದುಕೊಂಡದ್ದು ಏನೂ ಇಲ್ಲ.

ಹುಡುಗಿ ಆ ಚೀಟಿ ಹಿಡಿದುಕೊಂಡು ಮೇಲಿನ ಮಹಡಿಗೆ ಹೋದಳು. ಇಳಿದು ಬಂದಾಗ ಕೈಯಲ್ಲಿ ಹೊಸ ಚೀಟಿ. ಕ್ಯಾಪ್ಸೂಲು ಮುಂದುವರಿಸುವುದು, ಜೊತೆಗೆ ಬಿ.ಪಿ. ಇಳಿಸಲು ಇನ್ನೊಂದು ಗುಳಿಗೆ. ಒಂದು ಗುಳಿಗೆ ಏರಿಸಿದ್ದನ್ನು ಇನ್ನೊಂದು ಗುಳಿಗೆ ಇಳಿಸಬೇಕು, ಎರಡೂ ನಮ್ಮ ಅಂಗಡಿಯಲ್ಲೇ ಸಿಗಬೇಕು. ಮಾಲೀಕರ ಮುಖದ ಮೇಲೆ ಬಂದ ಸಮಾಧಾನವನ್ನು ನಾನು ಮರೆಯಲಾರೆ.

ನಾನು ಕೊಡುವುದಿಲ್ಲ ಎಂದೆ. ಮಾಲೀಕರು ನನ್ನನ್ನು ಪಕ್ಕಕ್ಕೆ ಸರಿಸದೆ, ನನ್ನ ಭುಜದ ಮೇಲಿಂದ ಕೈ ಚಾಚಿ ಡಬ್ಬಿ ತೆಗೆದು ತಾವೇ ಪಟ್ಟಿ ಕೊಟ್ಟರು.

"ಚೀಟಿ ಐತಿ, ರೊಕ್ಕಾ ಐತಿ. ನಡುವ ನಿಮ್ದೇನ್ರಿ ಮೇಡಂ?"

ನನ್ನದು ಏನು ಎಂದು ತೋರಿಸಬೇಕೆನಿಸಿತು. ಸ್ಟೂಲು ಎಳೆದು, ಹತ್ತಿ, ಗೋಡೆಯ ಮೇಲಿನ ನನ್ನ ಪ್ರಮಾಣಪತ್ರವನ್ನು ಮೊಳೆಯಿಂದ ಬಿಚ್ಚಿದೆ. ಅದು ಹಲವು ವರ್ಷ ತೂಗಿದ ಜಾಗದಲ್ಲಿ ಸುಣ್ಣ ಮಾತ್ರ ಹೊಸದಾಗಿ ಉಳಿದಿತ್ತು. ಕಟ್ಟನ್ನು ಸೀರೆಯ ಸೆರಗಿನಿಂದ ಒರೆಸಿ ಚೀಲದಲ್ಲಿಟ್ಟೆ. ಫಾರ್ಮಸಿಸ್ಟ್ ಇಲ್ಲದ ಅಂಗಡಿ ಆ ಗಳಿಗೆಯಿಂದ ಕಾನೂನಿನ ಪ್ರಕಾರ ಒಂದು ಕೆಮ್ಮಿನ ಔಷಧಿಯನ್ನೂ ಮಾರುವಂತಿಲ್ಲ. ಔಷಧ ನಿಯಂತ್ರಣದ ಇನ್‌ಸ್ಪೆಕ್ಟರು ಬರುವ ಕಾಲವೂ ಹತ್ತಿರವಾಗಿತ್ತು. ಮಾಲೀಕರ ಧ್ವನಿ ಒಮ್ಮೆಲೇ ಮೆತ್ತಗಾಯಿತು. ಅಕ್ಕಾ ಎಂದರು, ತಾಯಿ ಎಂದರು. ಮೇಡಂನಿಂದ ತಾಯಿಯವರೆಗೆ ಬರಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ನನ್ನ ಷರತ್ತು ಒಂದೇ. ಆ ಕ್ಯಾಪ್ಸೂಲಿನ ಚೀಟಿಯ ಮೇಲೆ ಅವತ್ತಿನ ಬಿ.ಪಿ. ಎಷ್ಟು ಎಂದು ಬರೆದಿರಬೇಕು. ಬರೆಯದ ಚೀಟಿಗೆ ಮಾಲು ಇಲ್ಲ. ಮಾಲೀಕರು ಒಪ್ಪಿದರು, ನಾನು ಕಟ್ಟನ್ನು ಮರಳಿ ಮೊಳೆಗೆ ಹಾಕಿದೆ. ಗೆದ್ದೆ ಎಂದುಕೊಂಡೆ. ಒಂದು ವಾರ ಹಾಗೇ ಅಂದುಕೊಂಡಿದ್ದೆ.

ಮುಂದಿನ ವಾರದಿಂದ ಮೇಲಿನಿಂದ ಇಳಿದುಬಂದ ಚೀಟಿಗಳ ಮೇಲೆಲ್ಲ ಬಿ.ಪಿ. ಬರೆದಿತ್ತು. ನೂರಾಇಪ್ಪತ್ತು, ಎಂಬತ್ತು. ಹತ್ತಿ ದಲಾಲರ ಮನೆಯವರಿಗೆ ನೂರಾಇಪ್ಪತ್ತು, ಎಂಬತ್ತು. ಏದುಸಿರು ಬಿಡುತ್ತ ಬಂದ ಪೊಲೀಸ್ ಸಾಹೇಬರೊಬ್ಬರಿಗೂ ಅಷ್ಟೇ. ಹುಡುಗಿಗೂ ಅಷ್ಟೇ. ಮೇಲಿನ ಮಹಡಿ ಹತ್ತಿದ ಮನುಷ್ಯರೆಲ್ಲರ ರಕ್ತ ಒಂದೇ ಸಮನೆ ಹರಿಯತೊಡಗಿತ್ತು. ಹುಡುಗಿಯನ್ನು ಕೇಳಿದೆ, ಕಪಾಟಿನ ಬೀಗ ತೆಗೆದದ್ದನ್ನು ಅವಳು ನೋಡಿಯೇ ಇರಲಿಲ್ಲ. ಆ ಡಾಕ್ಟರು ಸುಳ್ಳಿನಲ್ಲಾದರೂ ಒಂದು ಅಂಕಿ ಹೆಚ್ಚು ಕಡಿಮೆ ಮಾಡುವ ಶ್ರಮ ತೆಗೆದುಕೊಳ್ಳಲಿಲ್ಲ. ಸುಳ್ಳು ಹೇಳುವುದಕ್ಕೂ ಎದುರಿಗಿರುವವರ ಬಗ್ಗೆ ಒಂದಿಷ್ಟು ಮರ್ಯಾದೆ ಬೇಕಲ್ಲವೇ?

ನನ್ನ ಷರತ್ತನ್ನು ಅಕ್ಷರಶಃ ಪಾಲಿಸಲಾಗಿತ್ತು. ನಾನು ಹೇಳುವುದೇನೂ ಉಳಿದಿರಲಿಲ್ಲ. ಹುಡುಗಿಗೆ ಮಾತ್ರ ಹೇಳಿದೆ, ಕಾಕಾನಿಗೆ ಖರೇ ಏನಿದೆಯೋ ತಿಳಿಸು ಎಂದು. ಅವಳು ಆಗದು ಎಂದು ತಲೆಯಾಡಿಸಿದಳು. ಮಂಗಲ ಕಾರ್ಯಾಲಯದ ಮುಂಗಡ ವಾಪಸ್ಸು ಬರುವುದಿಲ್ಲವಂತೆ, ಬಂಧುಗಳಿಗೆಲ್ಲ ತಿಳಿಸಿಯಾಗಿದೆಯಂತೆ. ತಾನು ತಿಂಗಳಿಗಿಷ್ಟು ಎಂದು ಹಣ ಕಟ್ಟುತ್ತಿದ್ದ ಚಿಟ್ ಫಂಡಿನ ಚೀಟಿಯನ್ನು ನಷ್ಟಕ್ಕೆ ಎತ್ತಿ ಎರಡೂ ಗುಳಿಗೆ ಕೊಳ್ಳತೊಡಗಿದ್ದಳು. ಲಗ್ನಕ್ಕೆಂದು ತಾಯಿಗೆ ಒಂದು ಇಳಕಲ್ ಸೀರೆ ತರಬೇಕೆಂದು ಕೂಡಿಸಿದ ಹಣ ಅದು.

ಮೂರನೆಯ ತಿಂಗಳು ಗೋಡೆಯ ಕೆಂಪು ಅಂಕಿ ನಿಂತಲ್ಲೇ ನಿಂತಿತು. ಇಂಥ ಔಷಧಿಗಳಲ್ಲಿ ಅದು ಸಾಮಾನ್ಯ. ಮೊದಲು ಬೇಗ ಇಳಿಯುತ್ತದೆ, ಆಮೇಲೆ ಮೈ ತನ್ನ ಹಟ ಹಿಡಿಯುತ್ತದೆ. ಅವತ್ತು ತೂಕ ಮುಗಿಸಿ ಅತ್ತೆಯಾಗಬೇಕಾದವರು ಮೆಟ್ಟಿಲು ಇಳಿಯುವಾಗಲೇ ಅವರ ಧ್ವನಿ ನಮಗೆ ಕೇಳಿಸಿತು. ಕದ್ದು ತಿಂದಿರಬೇಕು ಎನ್ನುತ್ತಿದ್ದರು. ಕೈಯಲ್ಲಿ ಹೊಸ ಚೀಟಿ, ಕ್ಯಾಪ್ಸೂಲಿನ ಅಳತೆ ದೊಡ್ಡದು, ಬೆಲೆಯೂ ಅದಕ್ಕೆ ತಕ್ಕಂತೆ. ಬಿ.ಪಿ. ನೂರಾಇಪ್ಪತ್ತು, ಎಂಬತ್ತು. ಕುರ್ಚಿಯಲ್ಲಿ ಕೂತು, ಎರಡು ಪಟ್ಟಿ ಕೊಡಿ ಎಂದು ಅವರೇ ನಮಗೆ ಹೇಳಿದರು.

ಮಾಲೀಕರು ಡಬ್ಬಿ ತೆಗೆದು ಬಿಲ್ಲಿನ ಪುಸ್ತಕ ಎಳೆದುಕೊಂಡರು. ಹುಡುಗಿ ತನ್ನ ಚೀಲಕ್ಕೆ ಕೈ ಹಾಕಲಿಲ್ಲ. ಆ ಡಬ್ಬಿಯನ್ನು ನೋಡಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಪತ್ರಿಕೆಯ ಕರಡಿನಲ್ಲಿ ಒಂದು ತಪ್ಪು ಅಕ್ಷರ ಕಣ್ಣಿಗೆ ಬಿದ್ದವಳ ಹಾಗಿದ್ದಳು.

"ಅತ್ತಿಯಾರ, ಇದಕ್ಕ ನೀವು ರೊಕ್ಕಾ ಕೊಡ್ರಿ" ಎಂದಳು.

"ನಾವು?" ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನುಂಗೂವಾಕಿ ನೀ. ನಾವ್ಯಾಕ ಕೊಡೂದು?"

"ನುಂಗೂವಾಕಿ ನಾನರಿ, ಖರೇ. ಆದ್ರ ಇದು ನನಗ ಬೇಕಾಗಿದ್ದಿಲ್ಲ. ನಿಮಗ ಬೇಕಾಗಿತ್ತು. ಬೇಕಾದವರು ರೊಕ್ಕಾ ಕೊಟ್ಟು ತಗೊಳ್ಳೂದು ರೀತಿ ಅಲ್ರಿ?"

"ನಮ್ಮ ಮನಿಗೆ ಬರೂವಾಕಿ ಹಿಂಗ ಮಾತಾಡಬಾರದವಾ."

"ಬಂದ ಮ್ಯಾಲೆ ಮಾತಾಡೂದಿಲ್ರಿ. ಇನ್ನೂ ಬಂದಿಲ್ಲಲ್ಲ."

ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಮಾಲೀಕರು ಬಿಲ್ಲು ಯಾರ ಹೆಸರಿಗೆ ಎಂದು ತಿಳಿಯದೆ ಪೆನ್ನು ಎತ್ತಿಕೊಂಡೇ ಇದ್ದರು. ವರನ ತಾಯಿ ಎದ್ದು, ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಮೆಟ್ಟಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಹುಡುಕಿದರು. ಲಕ್ಷಗಟ್ಟಲೆ ವರೋಪಚಾರದ ಮಾತನ್ನು ಒಂದೇ ಕೂಟದಲ್ಲಿ ಮುಗಿಸಿದ ಮನೆತನ, ಇಪ್ಪತ್ತು ಗುಳಿಗೆಗೆ ಸಭೆ ಸೇರಬೇಕಾಗಿತ್ತು.

ಸಭೆ ಸೇರಿತೆಂದು ಕಾಣುತ್ತದೆ. ಎರಡು ದಿನ ಬಿಟ್ಟು ವರನೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಮಾತು ಮೆದು. ದೊಡ್ಡ ಅಳತೆಯ ಆ ಚೀಟಿಯನ್ನು ಗಲ್ಲೆಯ ಮೇಲೆ ಹರವಿ, ರಿಯಾಯಿತಿ ಇದೆಯೇ ಎಂದು ಕೇಳಿದ. ಇಲ್ಲ ಎಂದರು ಮಾಲೀಕರು. ನಾನು ಅವನಿಗೆ ಸರಕಾರಿ ದವಾಖಾನೆಯ ಅಂಕಿಗಳನ್ನು ಹೇಳಿದೆ. ಈ ಗುಳಿಗೆಯಿಂದ ಆ ಹುಡುಗಿಗೆ ಪಾರ್ಶ್ವವಾಯು ಹೊಡೆಯಬಹುದು, ಎದೆಬಡಿತ ನಿಲ್ಲಬಹುದು ಎಂದೂ ಹೇಳಿದೆ. ಅವನು ಗಮನವಿಟ್ಟು ಕೇಳಿದ. ಆಮೇಲೆ ಚೀಟಿಯ ಮೇಲೆ ಬೆರಳಿಟ್ಟ.

"ಇಲ್ಲಿ ನಾರ್ಮಲ್ ಅಂತ ಬರದಾರಲ್ರಿ."

ಅವನು ಮೂರ್ಖನಾಗಿದ್ದರೆ ಕ್ಷಮಿಸುತ್ತಿದ್ದೆ. ಯಂತ್ರಗಳ ಒತ್ತಡ, ತಾಪ, ಎಷ್ಟರ ಮೇಲೆ ಹೋದರೆ ಕೊಳವೆ ಒಡೆಯುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವವನು. ಅವನಿಗೆ ಎಲ್ಲ ತಿಳಿದಿತ್ತು. ಬರೆದದ್ದು ತನಗೆ ಅನುಕೂಲವಾಗಿತ್ತು, ಅಷ್ಟೇ.

ಪೂರ್ತಿ ಪಟ್ಟಿ ಬೇಡ, ನಾಲ್ಕು ಕೊಡಿ ಎಂದ. ನಾನು ಕತ್ತರಿಯನ್ನು ಮುಟ್ಟಲಿಲ್ಲ. ಮಾಲೀಕರೇ ಕತ್ತರಿಸಿದರು. ಬಿಲ್ಲು ಹುಡುಗಿಯ ಹೆಸರಿಗೆ ಮಾಡಿಸಿದ. ರೋಗಿಯ ಹೆಸರಿಗೆ ಮಾಡುವುದು ನಿಯಮವೂ ಹೌದು. ಆದರೆ ಅವನ ಕಾರಣ ಬೇರೆ ಇತ್ತು. "ಕಡೀಗೆ ಅವರ ಕಡಿಂದ ವಸೂಲಿ ಮಾಡೂಮುಂದ ಕಾಗದ ಬೇಕಾಗ್ತೈತಿ" ಎಂದ, ನಾವೆಲ್ಲ ಅವನ ಕಡೆಯವರು ಎಂಬಂತೆ.

ಆ ಸಂಜೆಯೇ ಅವನು ಉಣಕಲ್ಲಿಗೆ ಹೋಗಿ ನಾಲ್ಕು ಗುಳಿಗೆಗಳನ್ನೂ ಬಿಲ್ಲನ್ನೂ ಕಾಕಾನ ಅಂಗಡಿಯಲ್ಲಿ ಕೊಟ್ಟ. ಮುಂದಿನದನ್ನು ನನಗೆ ಹೇಳಿದ್ದು ಹುಡುಗಿ. ಕಾಕಾನಿಗೆ ಅದುವರೆಗೆ ಗುಳಿಗೆಯ ಸಂಗತಿ ಪೂರ್ತಿ ತಿಳಿದಿರಲಿಲ್ಲ. ಏನೋ ಶಕ್ತಿಯ ಔಷಧಿ ಎಂದುಕೊಂಡಿದ್ದ. ಬಿಲ್ಲನ್ನು ದೀಪದ ಹತ್ತಿರ ಹಿಡಿದು ಓದಿದನಂತೆ. ಅವನೂ ವ್ಯಾಪಾರಿ, ಕಾಲು ಕಿಲೋ ಬೇಳೆಯ ಲೆಕ್ಕ ಬಿಡುವವನಲ್ಲ. ವರ ಹೋದ ಮೇಲೆ ಹುಡುಗಿಯನ್ನು ಕರೆದು ಕೇಳಿದ. ಅವಳು ದವಾಖಾನೆಯ ಚೀಟಿ ತೋರಿಸಿದಳು, ಎದೆ ಬಡಿದುಕೊಳ್ಳುವುದನ್ನು ಹೇಳಿದಳು, ತಾಯಿಯ ಸೀರೆಯ ಹಣ ಏನಾಯಿತೆಂಬುದನ್ನೂ ಹೇಳಿದಳು. ಕಾಕಾ ಬಯ್ಯುತ್ತಾನೆ ಎಂದು ಎದುರು ನೋಡುತ್ತಿದ್ದಳಂತೆ. ಅವನು ಬಿಲ್ಲನ್ನು ಮಡಚಿಟ್ಟ.

"ನಾಲ್ಕ ಗುಳಿಗಿಗೆ ಬಿಲ್ ಮಾಡಿಸ್ಕೊಂಡ ಬರೋ ಮನಿಗೆ ನಾಳೆ ನಿನಗ ಜಡ್ಡಾದ್ರ ಯಾರು ತೋರಿಸ್ತಾರ?" ಎಂದನಂತೆ. "ಬ್ಯಾಡ ಬಿಡವಾ. ಮುಂಗಡ ಹೋದ್ರ ಹೋತು."

ಮರುದಿನ ಬೆಳಿಗ್ಗೆ ಕಾಕಾ ಧಾರವಾಡಕ್ಕೆ ಹೋಗಿ, ಅವರು ಕೊಟ್ಟ ನಿಶ್ಚಯದ ಸೀರೆ, ಉಂಗುರ, ಆ ನಾಲ್ಕು ಗುಳಿಗೆ, ಅವುಗಳ ಬಿಲ್ಲು, ಎಲ್ಲವನ್ನೂ ಒಂದೇ ತಾಟಿನಲ್ಲಿಟ್ಟು ಒಪ್ಪಿಸಿ ಬಂದ. ಉಣಕಲ್ಲಿನಲ್ಲಿ ಜನ ಮಾತಾಡಿದರು. ಹುಡುಗಿಗೆ ಏನೋ ಜಡ್ಡಿದೆಯಂತೆ ಎಂಬ ಸುದ್ದಿಯನ್ನು ಧಾರವಾಡದ ಕಡೆಯಿಂದಲೇ ಹಬ್ಬಿಸಿದರು. ಜಡ್ಡು ತಂದವರೇ ಜಡ್ಡಿನ ಸುದ್ದಿಯನ್ನೂ ಮಾರಿದರು. ಅವಳ ತಾಯಿ ಕೆಲವು ದಿನ ಊಟ ಬಿಟ್ಟರು. ಅವಳು ಮಾತ್ರ ಕೆಲಸ ಬಿಡಲಿಲ್ಲ. ತನ್ನ ಹೆಸರಿನ ಲಗ್ನಪತ್ರಿಕೆಯ ಕರಡನ್ನು ಕಂಪ್ಯೂಟರಿನಿಂದ ತಾನೇ ಅಳಿಸಿದೆ ಎಂದು ನನಗೆ ಹೇಳಿದಳು.

ದವಾಖಾನೆಯ ಡಾಕ್ಟರು ವಾರಕ್ಕೊಮ್ಮೆ ಬಿ.ಪಿ. ನೋಡುತ್ತ ಎರಡನೆಯ ಗುಳಿಗೆಯನ್ನೂ ಮೆಲ್ಲಗೆ ನಿಲ್ಲಿಸಿದರು. ದೀಪಾವಳಿಯ ಹೊತ್ತಿಗೆ ಒತ್ತಡ ಇಳಿದಿತ್ತು. ಮೈ ಮರಳಿ ಬಂದಿತ್ತು. ಕೆಲವು ವರ್ಷಗಳ ಮೇಲೆ ಅವಳೇ ಒಂದು ಸಣ್ಣ ಮುದ್ರಣಾಲಯ ಹಾಕಿಕೊಂಡಳು, ಮದುವೆಯೂ ಆಯಿತು, ಅವಳನ್ನು ತೂಗದೆ ಒಪ್ಪಿದವನ ಜೊತೆ. ಪತ್ರಿಕೆಯನ್ನು ಅವಳೇ ಜೋಡಿಸಿ ನನಗೆ ತಂದುಕೊಟ್ಟಳು. ಆ ಕ್ಯಾಪ್ಸೂಲನ್ನು ಬಹಳ ವರ್ಷಗಳ ಮೇಲೆ ಸರಕಾರ ನಿಷೇಧಿಸಿತು. ಅದಕ್ಕೂ ಎಷ್ಟೋ ಮೊದಲೇ ಮೇಲಿನ ಮಹಡಿಯ ಡಾಕ್ಟರು ಬೋರ್ಡು ಬಿಚ್ಚಿಸಿಕೊಂಡು ಇನ್ನೊಂದು ಊರಿಗೆ ಹೋಗಿದ್ದರು. ಅಲ್ಲಿ ಈಗ ಎತ್ತರ ಬೆಳೆಸುತ್ತಾರೆ ಎಂದು ಕೇಳಿದ್ದೇನೆ.

ವರ ಬಂದುಹೋದ ದಿನವೇ ನಾನು ಕೆಲಸ ಬಿಡುವುದಾಗಿ ಮಾಲೀಕರಿಗೆ ತಿಳಿಸಿದ್ದೆ. ಧಾರವಾಡದ ಒಂದು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಜಾಗ ಸಿಕ್ಕಿತ್ತು. ಮಾಲೀಕರು ಇನ್ನೊಂದು ಪ್ರಮಾಣಪತ್ರ ಹುಡುಕುವವರೆಗೆ ಇರಬೇಕಾಗಿತ್ತು. ನನ್ನ ಕೊನೆಯ ವಾರದಲ್ಲಿ ವರ ಇನ್ನೊಮ್ಮೆ ಬಂದ. ಕಿಸೆಯಿಂದ ಒಂದು ಲಕೋಟೆ ತೆಗೆದು, ಅದರೊಳಗಿನ ನಾಲ್ಕು ಕ್ಯಾಪ್ಸೂಲುಗಳನ್ನೂ ಬಿಲ್ಲನ್ನೂ ಗಲ್ಲೆಯ ಮೇಲಿಟ್ಟ. ವಾಪಸ್ಸು ತೆಗೆದುಕೊಳ್ಳಿ ಎಂದ. ಮಾಲೀಕರು ಹೊರಗೆ ಹೋಗಿದ್ದರು. ಕತ್ತರಿಸಿದ ಪಟ್ಟಿಯನ್ನು ಅಂಗಡಿ ವಾಪಸ್ಸು ಪಡೆಯುವುದಿಲ್ಲ, ಹಾಗೆ ಪಡೆದ ಔಷಧಿಯನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ ಎಂದು ನಾನು ವಿವರಿಸಿದೆ. ಅವನು ಒಪ್ಪಿಕೊಂಡು ತಲೆಯಾಡಿಸಿದ. ಗುಳಿಗೆಗಳನ್ನು ಎತ್ತಿ, ತಿರುಗಿಸಿ ನೋಡಿದ.

"ಇದರಾಗ ಎಕ್ಸ್‌ಪೈರಿ ತಾರೀಖ ಕಾಣವಲ್ದು. ಎಲ್ಲೀತನಕ ಇಡಬಹುದ್ರಿ?"

ಯಾಕೆ ಎಂದೆ.

"ಇನ್ನೊಂದು ಕನ್ಯಾ ನೋಡಿ ಬಂದೇವ್ರಿ, ಗದಗ ಕಡೆ. ಆಕೀನೂ ಒಂದೀಟು ಹಂಗ ಅದಾಳ."

ಅವನ ಮುಖದಲ್ಲಿ ಲಜ್ಜೆ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ನನ್ನ ಪರ್ಸು ತೆಗೆದು, ಬಿಲ್ಲು ನೋಡಿ, ಅಷ್ಟನ್ನೂ ನನ್ನ ಹಣದಿಂದ ಎಣಿಸಿ ಗಲ್ಲೆಯ ಮೇಲಿಟ್ಟೆ. ಚಿಲ್ಲರೆ ಸರಿಹೊಂದದೆ ಒಂದು ರೂಪಾಯಿ ಹೆಚ್ಚಾಯಿತು. ಗುಳಿಗೆಗಳನ್ನು ಅವನ ಕೈಯಿಂದ ತೆಗೆದುಕೊಂಡು, ಅವನ ಎದುರಿಗೇ ಒಂದೊಂದಾಗಿ ಬಿಚ್ಚಿ, ಪುಡಿಯನ್ನು ಕೈ ತೊಳೆಯುವ ತೊಟ್ಟಿಗೆ ಸುರಿದು ನಲ್ಲಿ ಬಿಟ್ಟೆ. ಅವನು ಅದನ್ನು ನೋಡಲಿಲ್ಲ. ಹಣ ಎಣಿಸುತ್ತಿದ್ದ. ಎಣಿಸಿ ಮುಗಿಸಿ, ಬಿಲ್ಲನ್ನು ಇನ್ನೊಮ್ಮೆ ನೋಡಿ, ಮತ್ತೊಂದು ಸಲ ಎಣಿಸಿದ. ಆಮೇಲೆ ಆ ಒಂದು ರೂಪಾಯಿಯನ್ನೂ ಸೇರಿಸಿ ಕಿಸೆಗೆ ಹಾಕಿಕೊಂಡು, "ಬರ್ತೇನ್ರಿ" ಎಂದು ಹೋದ.